ದೆಲ್ಮೀರ ಏಡಿ ಕೊಂಡ ಶನಿವಾರ

ದೆಲ್ಮೀರ ಏಡಿಯ ಕಟ್ಟೆಯ ಮುಂದೆ ನಿಂತಿದ್ದಾಳೆ ಎಂಬ ಸುದ್ದಿ, ಅವಳು ಒಂದು ಏಡಿಯನ್ನೂ ಮುಟ್ಟುವ ಮೊದಲೇ ಮೀನುಪೇಟೆಯ ಆ ತುದಿ ತಲುಪಿತ್ತು. ಕಡಲಚಿಪ್ಪು ಮಾರುವ ಹೆಂಗಸರು ತಕ್ಕಡಿ ಕೆಳಗಿಟ್ಟು ಕತ್ತು ಚಾಚಿದರು. ಏಡಿ ಮಾರುವ ಚೇಲೊಳ ಕೈ ತನ್ನಷ್ಟಕ್ಕೆ ತಾನೇ ಗೋಣಿಯ ಕಡೆ ಹೋಯಿತು. ತಾಯಿಯಿಂದ ಈ ಕಟ್ಟೆ ಅವಳಿಗೆ ಬಂದಾಗ ತಾಯಿ ಕಲಿಸಿಕೊಟ್ಟಿದ್ದ ಮಾತುಗಳಲ್ಲಿ ಅದೂ ಒಂದು: ದೆಲ್ಮೀರ ಈ ಸಾಲಿಗೆ ಬಂದರೆ ಬುಟ್ಟಿಯ ಮೇಲೆ ಗೋಣಿ ಎಳೆದುಬಿಡು, ಅವಳ ಕಣ್ಣಿಗೆ ಬೀಳುವುದು ಬೇಡ.

"ಬಂಗುಡೆ ಆ ಕಡೆ ಇದೆ ದೆಲ್ಮೀರಕ್ಕ" ಎಂದಳು ಚೇಲೊ, ಮೆಲ್ಲಗೆ. "ಕನ್ನಡಕ ಮನೇಲಿ ಬಿಟ್ಟು ಬಂದ್ಯಾ?"

"ಕನ್ನಡಕ ಮೂಗಿನ ಮೇಲೇ ಇದೆ. ಗೋಣಿ ತೆಗಿ. ಏಡಿ ತಗೊಳ್ಳೋಕೆ ಬಂದೆ."

"ಯಾರಿಗೆ?"

"ಮನೆಗೆ."

ಚೇಲೊ ಗೋಣಿಯನ್ನು ಮಡಚಿ ಕಟ್ಟೆಯ ಕೆಳಗೆ ತುರುಕಿದಳು. ಒದ್ದೆ ಪಾಚಿಯ ನಡುವೆ ಮುಳ್ಳುಮೈಯ, ಜೇಡಗಾಲಿನ ಸೆಂತೋಲ ಏಡಿಗಳು ಒಂದರ ಬೆನ್ನ ಮೇಲೊಂದು ಹತ್ತುತ್ತ ಕರಕರ ಎನ್ನುತ್ತಿದ್ದವು. ದೆಲ್ಮೀರ ಅವನ್ನು ಇಷ್ಟು ಹತ್ತಿರದಿಂದ ನೋಡಿ ಇಪ್ಪತ್ತೇಳು ವರ್ಷವಾಗಿತ್ತು.

ವಿಲಾರ್ ಊರಿನಲ್ಲಿ, ಆ ಕೊಲ್ಲಿಯ ಉದ್ದಕ್ಕೂ, ಮನೆಯ ಗಂಡಸು ಕಡಲಿನಲ್ಲಿ ಹೋಗಿ ಅವನ ಮೈ ಸಿಗದೇ ಉಳಿದರೆ ಆ ಮನೆಯವರು ಏಡಿ ತಿನ್ನುವುದಿಲ್ಲ. ಯಾಕೆ ಎಂದು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಕಡಲತಳದಲ್ಲಿ ಏಡಿ ಏನು ತಿಂದು ಬೆಳೆಯುತ್ತದೆ ಎಂಬುದು ಮಕ್ಕಳಿಗೆ ಒಂದು ದಿನ ತಾನಾಗಿಯೇ ಹೊಳೆಯುತ್ತದೆ, ಎರಡು ಹೊತ್ತು ಊಟ ಸೇರುವುದಿಲ್ಲ, ಅಷ್ಟೆ. ಮೈ ಸಿಕ್ಕಿ, ಮಣ್ಣು ಮಾಡಿ, ಇಗರ್ಜಿಯ ಪೂಜೆ ಮುಗಿದ ಮೇಲೆ ಮನೆಯವರೆಲ್ಲ ಒಂದೇ ಮೇಜಿಗೆ ಕೂತು ಮೊದಲ ಏಡಿ ಮುರಿಯುತ್ತಾರೆ. ಒಬ್ಬರು ಬಾರದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಬಾಯಿ ಬೇಡ ಎಂದರೆ ಸತ್ತವನು ಇನ್ನೂ ನೀರಿನಲ್ಲೇ ಇದ್ದಾನೆ ಎಂದೇ ಅರ್ಥ.

ದೆಲ್ಮೀರಳ ಗಂಡ ಅಮಾರೊ ಗ್ರಾನ್ ಸೋಲ್ ಕಡಲಿಗೆ ಹೋಗುವ ದೊಡ್ಡ ದೋಣಿಯಲ್ಲಿದ್ದ. ಜನವರಿಯ ಒಂದು ಬಿರುಗಾಳಿಗೆ ದೋಣಿ ಐರ್ಲೆಂಡಿನ ಆಚೆ ಮುಳುಗಿತು. ಕೆಲವರು ಸಿಕ್ಕರು. ಅಮಾರೊ ಸಿಗಲಿಲ್ಲ. ಮಗಳು ಸಬೇಲಳಿಗೆ ಆಗ ಎರಡು ವರ್ಷ.

ಇನ್ನೊಂದು ಸಂಗತಿಯೆಂದರೆ, ಅಮಾರೊ ಅವಳನ್ನು ಒಲಿಸಿಕೊಂಡದ್ದೇ ಏಡಿಯಿಂದ. ಹುಡುಗನಾಗಿದ್ದಾಗ ತಂದೆಯ ಸಣ್ಣ ದೋಣಿಯಲ್ಲಿ ಕೊಲ್ಲಿಯೊಳಗೇ ಬಲೆ ಬಿಡುತ್ತಿದ್ದ. ಶನಿವಾರ ಶನಿವಾರ ಒಂದು ಸೆಂತೋಲವನ್ನು ಪಾಚಿಯಲ್ಲಿ ಸುತ್ತಿ ದೆಲ್ಮೀರಳ ತಾಯಿಯ ಬಾಗಿಲಿಗೆ ತಂದು, "ಬಲೆಗೆ ತಪ್ಪಿ ಬಿತ್ತು, ವೇಸ್ಟ್ ಆಗೋದು ಬೇಡ ಅಂತ" ಎನ್ನುತ್ತಿದ್ದ. ಚಳಿಗಾಲ ಮುಗಿಯುವಷ್ಟರಲ್ಲಿ ತಾಯಿ ಕೇಳಿಯೇಬಿಟ್ಟಳು: "ನಿನ್ನ ಬಲೆಗೆ ಮೀನು ಅನ್ನೋದು ಬೀಳೋದೇ ಇಲ್ವೇನಪ್ಪ?"

ಅವನು ಹೋದ ಮೇಲೆ ದೆಲ್ಮೀರ ಮೀನಿನ ಡಬ್ಬಿ ಕಾರ್ಖಾನೆ ಸೇರಿದಳು. ಚಿಪ್ಪು ಬಿಡಿಸಿದಳು, ಮೀನು ಜೋಡಿಸಿದಳು, ಮಗಳನ್ನು ಬೆಳೆಸಿದಳು. ಕಾರ್ಖಾನೆಗೆ ಏಡಿ ಬಂದ ದಿನ ಮೇಲ್ವಿಚಾರಕಿ ಒಂದು ಮಾತೂ ಆಡದೆ ಅವಳನ್ನು ಚೀಟಿ ಅಂಟಿಸುವ ಕಡೆ ಕಳಿಸುತ್ತಿದ್ದಳು. ಎದುರು ಮನೆಯವರು ಏಡಿ ಬೇಯಿಸುವಾಗ ಅವಳ ಮನೆಯತ್ತ ಇರುವ ಕಿಟಕಿಯನ್ನು ಮುಚ್ಚಿಬಿಡುತ್ತಿದ್ದರು. ಕಿಟಕಿ ಮುಚ್ಚಿದ ಸದ್ದು ಕೇಳಿದರೆ ಇವತ್ತು ಅವರ ಮನೆಯಲ್ಲಿ ಏಡಿ ಎಂದು ಇವಳಿಗೆ ಗೊತ್ತಾಗುತ್ತಿತ್ತು. ಆ ಮರ್ಯಾದೆಯೂ ಒಂದು ಭಾರವೇ. ರಾತ್ರಿ ಮಲಗಿದಾಗ ಅವಳು ಕಡಲಿನ ಬಗ್ಗೆ ಯೋಚಿಸುತ್ತಿರಲಿಲ್ಲ, ತಳದ ಬಗ್ಗೆ ಯೋಚಿಸುತ್ತಿದ್ದಳು.

ಇದೆಲ್ಲ ಈ ವರ್ಷ ಸೆಪ್ಟೆಂಬರಿನವರೆಗೆ.

ಐರ್ಲೆಂಡಿನ ಒಂದು ಹಳ್ಳಿಯಲ್ಲಿ ಅಲೆ ಹೊಡೆದು ಸ್ಮಶಾನದ ಗೋಡೆ ಬಿದ್ದಿತ್ತಂತೆ. ಗೋರಿಗಳನ್ನು ಮೇಲಕ್ಕೆ ಸಾಗಿಸುವಾಗ, ಹೆಸರಿಲ್ಲದ ಶಿಲುಬೆಯ ಕೆಳಗೆ ಮಲಗಿದ್ದವನ ಕೊರಳಿನಲ್ಲಿ ಈ ಕೊಲ್ಲಿಯ ಮೀನುಗಾರರು ಹಾಕಿಕೊಳ್ಳುವ ಕಾರ್ಮೆನ್ ಮಾತೆಯ ಪದಕ ಸಿಕ್ಕಿತು. ಅಲ್ಲಿಂದ ಇಲ್ಲಿಗೆ ವಿಚಾರಣೆ ಬಂತು. ಸಬೇಲಳ ಕೆನ್ನೆಯೊಳಗಿಂದ ಹತ್ತಿಯ ಕಡ್ಡಿಯಲ್ಲಿ ಎಂಜಲು ತೆಗೆದುಕೊಂಡು ಹೋದರು. ಸೆಪ್ಟೆಂಬರಿನಲ್ಲಿ ಪೊಲೀಸಿನ ಹುಡುಗಿಯೊಬ್ಬಳು ಮನೆಗೆ ಬಂದು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಅಡುಗೆಮನೆಯಲ್ಲಿ ಕೂತಳು. ಅವನು ಅಮಾರೊನೇ. ದೋಣಿ ಮುಳುಗಿದ ಮರುದಿನ ಬೆಳಗ್ಗೆಯೇ ಮರಳಿನ ಮೇಲೆ ಸಿಕ್ಕಿದ್ದ, ತೇಲುವ ಜಾಕೀಟು ಮೈಮೇಲೇ ಇತ್ತು, ಯಾವ ದೋಣಿಯವನೆಂದು ಯಾರಿಗೂ ಗೊತ್ತಾಗದೆ ಆ ಊರಿನ ಹೆಂಗಸೊಬ್ಬಳು ಮೈ ತೊಳೆದು ತನ್ನ ಗಂಡನ ಅಂಗಿ ತೊಡಿಸಿ ಮಣ್ಣು ಮಾಡಿಸಿದ್ದಳು. ಅವಳ ಮಗಳು ಇನ್ನೂ ಇದ್ದಾಳೆ, ಎಲ್ಲ ನೆನಪಿದೆ ಎಂದಳಂತೆ.

ದೆಲ್ಮೀರ ಕೇಳಿದ್ದು ಒಂದೇ. "ಮೈ ಪೂರ್ತಿ ಇತ್ತಾ?"

"ಪೂರ್ತಿ ಇತ್ತಮ್ಮ. ನಿದ್ದೆ ಮಾಡ್ತಿರೋ ಹಾಗಿದ್ರಂತೆ."

ಆ ಹುಡುಗಿ ಹೋದ ಮೇಲೆ ದೆಲ್ಮೀರ ಕುರ್ಚಿಯಿಂದ ಏಳಲಿಲ್ಲ. ಅಳು ಬರಲಿಲ್ಲ. ಎಷ್ಟೋ ವರ್ಷ ಬಿಗಿದುಕೊಂಡೇ ಇದ್ದ ಭುಜ ಎರಡೂ ಕೆಳಗಿಳಿದವು, ಇಳಿದಾಗಲೇ ಅವು ಬಿಗಿದಿದ್ದದ್ದು ಅವಳಿಗೆ ತಿಳಿದದ್ದು. ಅಕ್ಟೋಬರಿನಲ್ಲಿ ಪೆಟ್ಟಿಗೆ ಬಂತು. ಊರಿಗೆ ಊರೇ ಬಂದು ಮಣ್ಣು ಹಾಕಿತು. ಪದಕವನ್ನು ಬೇರೆಯಾಗಿ ಕಳಿಸಿದ್ದರು. ದೆಲ್ಮೀರ ಅದನ್ನು ತನ್ನ ಕೊರಳಿಗೆ ಹಾಕಿಕೊಂಡು ರವಿಕೆಯೊಳಗೆ ಬಿಟ್ಟುಕೊಂಡಳು.

ಉಳಿದದ್ದು ಅತ್ತಿಗೆ ಒಬ್ದೂಲಿಯ ಒಬ್ಬಳೇ.

ಒಬ್ದೂಲಿಯ ಎಂದರೆ ಅಮಾರೊನ ಅಕ್ಕ. ಮದುವೆಯಾಗಲಿಲ್ಲ, ಜೀವಮಾನವಿಡೀ ದಕ್ಕೆಯ ಮೇಲೆ ಕೂತು ಬಲೆ ಹೊಲಿದಳು. ಎಂಬತ್ತು ಹತ್ತಿರವಾದರೂ ನಾಲಿಗೆಗೆ ಅಷ್ಟು ವಯಸ್ಸಾಗಿರಲಿಲ್ಲ. ಎರಡು ಮನೆಗೂ ನಡುವೆ ಒಂದು ಮೋಟು ಗೋಡೆ. ಸ್ಮಶಾನದಿಂದ ಬಂದವಳೇ ಕಪ್ಪು ಕೋಟು ಬಿಚ್ಚುತ್ತ, "ಮಣ್ಣು ಹಾಕಿದೀನಿ. ಏಡಿ ತಿನ್ನಲ್ಲ. ನನ್ನನ್ನ ಕೇಳಬೇಡ" ಎಂದಿದ್ದಳು. ಪದಕ ತೋರಿಸಹೋದರೆ ಮುಖ ತಿರುಗಿಸಿದ್ದಳು.

ಆದ್ದರಿಂದ ಈ ಶನಿವಾರ ದೆಲ್ಮೀರ ಏಡಿ ಕೊಳ್ಳಲು ಬಂದದ್ದು ಒಂದು ಬಗೆಯ ಹಟದಿಂದ. ಬೇಯಿಸುತ್ತೇನೆ, ಆಮೇಲೆ ಬಾರದೆ ಹೇಗಿರುತ್ತಾಳೋ ನೋಡೋಣ ಎಂಬ ಲೆಕ್ಕ. ಬಾರದಿದ್ದರೆ ಏನು ಎಂಬುದನ್ನು ಅವಳು ಯೋಚಿಸಿರಲಿಲ್ಲ.

"ಇದು ಚೆನ್ನಾಗಿದೆ ನೋಡು, ಹೊಳೀತಾ ಇದೆ" ಎಂದು ಚೇಲೊ ನುಣ್ಣನೆಯ ಒಂದನ್ನು ಎತ್ತಿ ಹಿಡಿದಳು. ಪರೀಕ್ಷೆಗೆಂದೇ ಎತ್ತಿದ್ದು.

"ಹೊಳೆಯೋದು ಮೊನ್ನೆ ಚಿಪ್ಪು ಕಳಚಿದ್ದು. ಒಳಗೆ ಬರೀ ನೀರು. ನಿನ್ನ ಅಳಿಯ ಬಂದಾಗ ಕೊಡು."

ಪೇಟೆಯ ಹೆಂಗಸರು ನಕ್ಕರು. ದೆಲ್ಮೀರ ಕೊಳಕಾದ, ಬೆನ್ನ ಮೇಲೆ ಪಾಚಿಯೂ ಸುಣ್ಣದ ಹರಳೂ ಹತ್ತಿದ ಹಳೆಯ ಹೆಣ್ಣೇಡಿಗಳನ್ನು ಹುಡುಕಿದಳು. ಒಂದೊಂದನ್ನೂ ಅಂಗೈಯ ಮೇಲಿಟ್ಟು ತೂಗಿದಳು, ಹೊಟ್ಟೆಯ ಅಗಲ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದಳು. ಕೈಗೆ ಮರೆತಿರಬಹುದು ಎಂಬ ಭಯ ಬೆಳಗ್ಗೆಯಿಂದ ಇತ್ತು. ಕೈಗೆ ಮರೆತಿರಲಿಲ್ಲ. ನೋಡಲು ಕಾಣುವುದಕ್ಕಿಂತ ಹೆಚ್ಚು ಭಾರವಾದ ಮೂರು ಸಿಕ್ಕವು.

"ಒಬ್ದೂಲಿಯಮ್ಮ ಬರ್ತಾರಾ?" ಎಂದು ಚೇಲೊ ಪಾಚಿ ಸುತ್ತುತ್ತ ಕೇಳಿದಳು. ಆಚೀಚೆ ಎಲ್ಲರ ಕೈಯೂ ನಿಂತಿತು.

"ಬರ್ತಾಳೆ" ಎಂದಳು ದೆಲ್ಮೀರ, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ.

ಬರುವ ದಾರಿಯಲ್ಲಿ ದೋಣಿ ಇಳಿಸುವ ಇಳಿಜಾರಿನಲ್ಲಿ ಒಂದು ಕ್ಯಾನಿನ ತುಂಬ ಕಡಲನೀರು ತುಂಬಿಕೊಂಡಳು. ಸೆಂತೋಲಕ್ಕೆ ಕಡಲನೀರೇ ಆಗಬೇಕು. ಪರಿಮಳಕ್ಕೆ ಲಾರೆಲ್ ಎಲೆಯೂ ಬೇಕು. ಆದರೆ ಆ ಬೀದಿಯಲ್ಲಿ ಲಾರೆಲ್ ಮರ ಇದ್ದದ್ದು ಒಂದೇ, ಅದು ಒಬ್ದೂಲಿಯಳ ಹಿತ್ತಲಲ್ಲಿ.

ಒಬ್ದೂಲಿಯ ಕೋಸಿನ ಪಾತಿಯಲ್ಲಿ ಬಗ್ಗಿ ಬಸವನಹುಳು ಹೆಕ್ಕುತ್ತಿದ್ದಳು.

"ಅತ್ತಿಗೆ, ಎರಡು ಎಲೆ ಕಿತ್ಕೊಳ್ಲಾ?"

"ಯಾತಕ್ಕೆ?"

"ಸಾರಿಗೆ."

"ಯಾವ ಸಾರು ಕರಕರ ಅಂತ ಸದ್ದು ಮಾಡುತ್ತೆ?" ಒಬ್ದೂಲಿಯ ತಲೆ ಎತ್ತದೆಯೇ ಕೇಳಿದಳು. ಬುಟ್ಟಿ ದೆಲ್ಮೀರಳ ಕೈಯಲ್ಲೇ ಇತ್ತು.

"ಮಧ್ಯಾಹ್ನ ಊಟಕ್ಕೆ ಬಾ ಅತ್ತಿಗೆ. ಸಬೇಲನೂ ಬರ್ತಾಳೆ. ಮೂರು ತಂದಿದೀನಿ, ತಲೆಗೊಂದು."

"ಬೇಳೆಗಾದ್ರೆ ಎಲೆ ಕಿತ್ಕೋ. ಬಟಾಟೆಗಾದ್ರೆ ಕಿತ್ಕೋ. ಅದಕ್ಕಾದ್ರೆ ಈ ಮರ ಮುಟ್ಟಬೇಡ."

"ಪೂರ್ತಿ ಇದ್ದ ಅಂತ ಆ ಹುಡುಗಿ ಹೇಳಿದಳಲ್ಲ."

ಒಬ್ದೂಲಿಯ ತನ್ನ ಸೊಂಟ ಹಿಡಿದುಕೊಂಡು ನೆಟ್ಟಗಾದಳು. "ವಿಧವೆ ಮನೆಗೆ ಬಂದ ಪೊಲೀಸರು ಇನ್ನೇನು ಹೇಳ್ತಾರೆ? ಅರ್ಧ ಇದ್ದ ಅಂತಾರಾ? ನೀನು ನಂಬು, ನಿನ್ನ ಗಂಡ. ನಂಬಿ ತಿಂದಾದ ಮೇಲೆ ಸುಳ್ಳು ಅಂತ ಗೊತ್ತಾದ್ರೆ ನಾನೆಲ್ಲಿಗೆ ಹೋಗಲಿ?"

ದೆಲ್ಮೀರ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದಳು. ಎಲೆ ಇಲ್ಲದೆಯೇ ಮನೆಗೆ ಬಂದಳು. ಸಿಟ್ಟು ಬಂದಿತ್ತು, ಸಿಟ್ಟಿನ ಕೆಳಗೆ ಹೆದರಿಕೆ. ದೊಡ್ಡ ಪಾತ್ರೆ ಅಟ್ಟದಿಂದಿಳಿಸಿ, ತೊಳೆದು, ನೀರು ಹಾಕಿ ಒಲೆ ಹಚ್ಚಿದಳು. ನೀರು ಕುದಿಯುವವರೆಗೆ ಮೇಜಿಗೆ ಬಟ್ಟೆ ಹಾಸಿ ಮೂರು ತಟ್ಟೆ ಇಟ್ಟಳು. ಮೂರನೆಯದನ್ನು ತೆಗೆದಳು, ಮತ್ತೆ ಇಟ್ಟಳು. ನೀರು ಕುದಿದು ಮುಚ್ಚಳ ಕುಣಿಯತೊಡಗಿದಾಗ ಒಂದು ಏಡಿಯನ್ನು ಬೆನ್ನಿನಿಂದ ಹಿಡಿದು ಒಳಗೆ ಬಿಟ್ಟಳು.

ಬಿಟ್ಟ ಮರುಕ್ಷಣ ನೆನಪಾಯಿತು. ಆಗಲೇ ಹೊತ್ತು ಮೀರಿತ್ತು.

ಆ ಕೊಲ್ಲಿಯಲ್ಲಿ ಯಾವ ಹೆಣ್ಣುಮಗುವಿಗೂ ಗೊತ್ತಿರುವ ಸಂಗತಿ ಅದು: ಸತ್ತ ಏಡಿಗೆ ಕುದಿಯುವ ನೀರು, ಜೀವಂತ ಏಡಿಗೆ ತಣ್ಣೀರು. ಜೀವಂತವಾದದ್ದನ್ನು ತಣ್ಣೀರಿನಲ್ಲಿಟ್ಟು ನಿಧಾನ ಬಿಸಿ ಮಾಡಬೇಕು. ಕುದಿಯುವ ನೀರಿಗೆ ಹಾಕಿದರೆ ಅದು ಒಂದೇ ಸಲ ಕೊಡವಿ ಕಾಲುಗಳನ್ನೆಲ್ಲ ಉದುರಿಸಿಬಿಡುತ್ತದೆ. ಪಾತ್ರೆಯೊಳಗೆ ಒಂದು ಸಲ ಧಡ್ ಎಂದಿತು. ಆಮೇಲೆ ಹತ್ತು ಕಾಲು ಬಿಡಿಬಿಡಿಯಾಗಿ ನೀರಿನ ಮೇಲೆ ಸುತ್ತುತ್ತಿದ್ದವು. ಕಾರ್ಖಾನೆಯಲ್ಲಿ ಬಂದ ಚಿಪ್ಪನ್ನೆಲ್ಲ ಕುದಿಯುವ ನೀರಿಗೆ ಸುರಿದು ಸುರಿದು ರೂಢಿಯಾದ ಕೈ. ಆರಿಸುವುದನ್ನು ನೆನಪಿಟ್ಟುಕೊಂಡಿತ್ತು, ಬೇಯಿಸುವುದನ್ನು ಬಿಟ್ಟುಕೊಟ್ಟಿತ್ತು. ದೆಲ್ಮೀರ ಸೌಟು ಹಿಡಿದು ಆ ಕಾಲುಗಳನ್ನು ನೋಡುತ್ತ ನಿಂತಳು. ಇದೊಂದು ದಿನ ಕೆಡಬಾರದಿತ್ತು.

ಹಿತ್ತಲ ಬಾಗಿಲು ತಟ್ಟದೆಯೇ ತೆರೆದುಕೊಂಡಿತು.

"ಎಲೆ ಹಾಕದೆ ಬೇಯಿಸ್ತಿದೀಯ. ವಾಸನೆ ಗೋಡೆ ದಾಟಿ ಬರ್ತಿದೆ, ಬಟ್ಟೆ ಒಗೆದ ಹಾಗೆ." ಒಬ್ದೂಲಿಯಳ ಕೈಯಲ್ಲಿ ಲಾರೆಲ್‌ನ ಒಂದು ಇಡೀ ರೆಂಬೆ ಇತ್ತು. "ತಿನ್ನೋಕೆ ಬಂದಿಲ್ಲ. ಮರದ ಮರ್ಯಾದೆಗೆ ಬಂದೆ." ಪಾತ್ರೆಯೊಳಗೆ ಬಗ್ಗಿದಳು. "ಇದೇನೇ ಇದು?"

"ಏಡಿ."

"ಏಡಿನಾ? ಏಡಿಯ ಬಡಿದಾಟ ಅನ್ನು. ಜೀವ ಇರೋದನ್ನ ಕುದಿಯೋ ನೀರಿಗೆ ಹಾಕಿದ್ಯಾ? ಐದು ವರ್ಷದ ಹುಡುಗಿ ಮಾಡಲ್ಲ ಈ ಕೆಲಸ. ನಮ್ಮಮ್ಮ ನೋಡಿದ್ರೆ ನಿನ್ನನ್ನ ಸೊಸೆ ಮಾಡ್ಕೊಳ್ತಿರಲಿಲ್ಲ."

"ಮರೆತುಹೋಯ್ತು ಅತ್ತಿಗೆ."

ಅವಳ ದನಿ ಕೇಳಿ ಒಬ್ದೂಲಿಯ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿದಳು. ಅಂಗಿಯ ತೋಳು ಮೇಲೇರಿಸಿದಳು. "ಸರಿ, ಇಳಿಸು. ಚೂರು ಚೂರು ಅನ್ನಕ್ಕಾಗುತ್ತೆ. ಉಳಿದೆರಡಕ್ಕೆ ತಣ್ಣೀರು ಹಾಕು. ನಾನು ನೋಡ್ಕೊಂಡು ಹೋಗ್ತೀನಿ."

ದೆಲ್ಮೀರ ಪಾತ್ರೆ ಎತ್ತಲು ಬಗ್ಗಿದಳು. ಬಗ್ಗಿದಾಗ ಪದಕ ರವಿಕೆಯಿಂದ ಹೊರಬಿದ್ದು ತೂಗಾಡಿತು. ಒಬ್ದೂಲಿಯ ಮುಖ ತಿರುಗಿಸಿದಳು. ಆದರೆ ತಿರುಗಿಸುವ ಮೊದಲೇ ಕಣ್ಣಿಗೆ ಬಿದ್ದದ್ದು ಪದಕವಲ್ಲ, ಅದು ತೂಗುತ್ತಿದ್ದ ದಾರ.

"ಇದು ಸರ ಅಲ್ಲ."

"ಅಲ್ಲ. ದಾರದಲ್ಲೇ ಇತ್ತು. ಹಾಗೇ ಕಳಿಸಿದಾರೆ. ನಾನು ಬಿಚ್ಚಲಿಲ್ಲ."

"ಬೆಳಕಿಗೆ ಬಾ."

ಕಿಟಕಿಯ ಬಳಿ ಒಬ್ದೂಲಿಯ ಆ ಹಸಿರು ನೈಲಾನ್ ದಾರವನ್ನು ಬೆರಳ ತುದಿಗೆ ತೆಗೆದುಕೊಂಡಳು. ಗಂಟು ಅವಳದೇ. ಸರ ಕಡಿದುಹೋಗಿದೆ ಎಂದು ಅಮಾರೊ ಹೊರಡುವ ಹಿಂದಿನ ದಿನ ಬಂದಿದ್ದ. ಅವಳು ಬಲೆಯ ದಾರ ಕತ್ತರಿಸಿ ಅವನ ತಲೆಯಿಂದ ಇಳಿಯುವಷ್ಟು ಬಿಟ್ಟು ಗಟ್ಟಿ ಗಂಟು ಹಾಕಿ, ಇದು ಇನ್ನು ಕಡಿಯಲ್ಲ ಹೋಗು ಎಂದಿದ್ದಳು. ಈಗ ಕಣ್ಣು ಮುಚ್ಚಿ ಆ ದಾರವನ್ನು ಗೇಣುಗೇಣಾಗಿ ಬೆರಳುಗಳ ನಡುವೆ ಜಾರಿಸಿದಳು, ಬಲೆಯ ಹರಿದ ಕಣ್ಣು ಹುಡುಕುವಂತೆ. ಒಂದು ಸುತ್ತು ಮುಗಿಯಿತು. ಇನ್ನೊಂದು ಸುತ್ತು ಹೋದಳು. ದೆಲ್ಮೀರ ಉಸಿರು ಬಿಡಲಿಲ್ಲ; ಕೊರಳು ಅತ್ತಿಗೆಯ ಕೈಯಲ್ಲಿತ್ತು.

"ಅರವತ್ತು ವರ್ಷ ನಾನು ಹೊಲಿದಿದ್ದು ಏನು?" ಎಂದಳು ಒಬ್ದೂಲಿಯ ಕೊನೆಗೆ. "ಏಡಿ ಕಚ್ಚಿದ ಬಲೆ. ಬಲೇಲಿ ಸತ್ತ ಮೀನಿದ್ರೆ ಮೊದಲು ದಾರ ಕಚ್ಚುತ್ತೆ ಅದು. ಬಾಯಿ ಹಾಕಿದ ಕಡೆ ದಾರ ಜಜ್ಜಿ ಎಳೆ ಎದ್ದಿರುತ್ತೆ. ಕುರುಡಿಗೂ ಗೊತ್ತಾಗುತ್ತೆ." ಬೆರಳು ಗಂಟಿನ ಮೇಲೆ ನಿಂತಿತ್ತು. "ಇದರಲ್ಲಿ ಒಂದು ಎಳೆ ಎದ್ದಿಲ್ಲ ದೆಲ್ಮೀರ. ಒಂದೂ ಇಲ್ಲ. ಇವನ ಕೊರಳ ಹತ್ರ ಏನೂ ಬಂದಿಲ್ಲ."

"ಅದನ್ನೇ ತಾನೇ ಆ ಹುಡುಗಿ..."

"ಆ ಹುಡುಗಿ ಬಲೆ ಹೊಲೀತಾಳಾ?"

ಒಬ್ದೂಲಿಯ ಕುರ್ಚಿ ಎಳೆದು ಕೂತಳು. ಮುಂದುಡುಪಿನ ತುದಿಯಿಂದ ಮುಖ ಒರೆಸಿದಳು, ಒರೆಸಿ ಒರೆಸಿ ಮುಖ ಕೆಂಪಾಯಿತು. "ಅಕ್ಟೋಬರಿನಲ್ಲೇ ತೋರಿಸೋಕೆ ಏನಾಗಿತ್ತು ನಿನಗೆ?"

"ತೋರಿಸೋಕೆ ಬಂದೆ. ನೀನು ಆ ಕಡೆ ತಿರುಗಿದೆ."

"ತಿರುಗಿದವಳನ್ನ ಭುಜ ಹಿಡಿದು ಈ ಕಡೆ ತಿರುಗಿಸಬೇಕಪ್ಪ. ನಾದಿನಿ ಅಂತ ಯಾಕಿರೋದು? ಹಾಕು, ಹಾಕು, ನೀರು ಹಾಕು. ಏಡಿ ಒಣಗ್ತಿದೆ ಅಲ್ಲಿ."

ಕ್ಯಾನಿನಲ್ಲಿ ಉಳಿದಿದ್ದ ಕಡಲನೀರಿನಲ್ಲಿ ಎರಡು ಸೆಂತೋಲ ತಣ್ಣಗೆ ಮುಳುಗಿದವು. ಲಾರೆಲ್ ಎಲೆ ಮೇಲೆ ಬಿತ್ತು. ಬೆಂಕಿ ಸಣ್ಣಗೆ. ಕುದಿ ಹತ್ತಿದ ಮೇಲೆ ಒಬ್ದೂಲಿಯ ಜೇಬಿನಿಂದ ಜಪಸರ ತೆಗೆದಳು. ಅಲ್ಲಿಯ ಹೆಂಗಸರು ಏಡಿಗೆ ಗಡಿಯಾರ ನೋಡುವುದಿಲ್ಲ. ಕುದಿ ಬಂದಲ್ಲಿಂದ ಮೂರು ಹತ್ತು ಮಣಿ, ಅವಸರ ಮಾಡದೆ. ಮೊದಲ ಹತ್ತನ್ನು ಒಬ್ದೂಲಿಯ ಹೇಳಿದಳು, ದೆಲ್ಮೀರ ಉತ್ತರ ಕೊಟ್ಟಳು. ಎರಡನೆಯದರ ನಡುವೆ ಮನೆಮನೆಗೆ ಬ್ರೆಡ್ಡು ಹಾಕುವ ಸಬೇಲಳ ವ್ಯಾನು ಬಂದು ನಿಂತಿತು. ಒಳಗೆ ಬಂದ ಸಬೇಲ, ಬಗಲಲ್ಲಿ ದೊಡ್ಡ ರೊಟ್ಟಿ ಇಟ್ಟುಕೊಂಡೇ, ಅಮ್ಮನನ್ನೂ ಸೋದರತ್ತೆಯನ್ನೂ ಪಾತ್ರೆಯನ್ನೂ ನೋಡಿದಳು.

"ಅಮ್ಮ, ಅತ್ತೆ..."

"ಶ್, ಮಣಿ ತಪ್ಪಿದ್ರೆ ಏಡಿ ಕೆಡುತ್ತೆ" ಎಂದಳು ಒಬ್ದೂಲಿಯ. ಸಬೇಲ ರೊಟ್ಟಿ ಮೇಜಿನ ಮೇಲಿಟ್ಟು ತಾನೂ ದನಿಗೂಡಿಸಿದಳು.

ಮೂರನೆಯ ಹತ್ತು ತೊಡಗುವ ಮೊದಲು ಒಬ್ದೂಲಿಯ, "ಇದು ನಮ್ಮ ಅಮಾರೊನಿಗೆ" ಎಂದಳು. ಅವಳ ಬಾಯಿಂದ ಆ ಹೆಸರು ಬಂದದ್ದನ್ನು ದೆಲ್ಮೀರ ವರ್ಷಗಟ್ಟಲೆ ಕೇಳಿರಲಿಲ್ಲ.

ಏಡಿಗಳನ್ನು ತೆಗೆದು, ರಸ ಚಿಪ್ಪಿನಲ್ಲೇ ಉಳಿಯಲೆಂದು ಹೊಟ್ಟೆ ಮೇಲಾಗಿ ಇಟ್ಟು, ಒದ್ದೆ ಬಟ್ಟೆ ಮುಚ್ಚಿದರು. ಕಾಲುಗಳೆಲ್ಲ ಇದ್ದವು. ಸಬೇಲ ತನ್ನ ತಟ್ಟೆಯಲ್ಲಿ ಬಂದದ್ದನ್ನು ಆಚೀಚೆ ತಿರುಗಿಸಿ, "ಇದರ ಬಾಗಿಲು ಯಾವ ಕಡೆ?" ಎಂದು ಕೇಳಿದಳು. ಒಬ್ದೂಲಿಯ ತೋರಿಸಿದಳು: ಹೊಟ್ಟೆಯ ಮುಚ್ಚಳ ಎತ್ತು, ಹೆಬ್ಬೆರಳು ಹಾಕು, ಹೆದರಬೇಡ, ಎಳಿ. ಚಿಪ್ಪು ಬಿಟ್ಟುಕೊಂಡಿತು, ಒಳಗೆ ಕೆಂಪು ಮೊಟ್ಟೆಗಡ್ಡೆ ಕಿಕ್ಕಿರಿದು ತುಂಬಿತ್ತು. ದೆಲ್ಮೀರಳ ಕೈ ಆರಿಸಿದ್ದು ಸುಳ್ಳಾಗಿರಲಿಲ್ಲ.

ಮೊದಲ ತುತ್ತು ಯಾರೂ ತೆಗೆಯಲಿಲ್ಲ. ಇಬ್ಬರೂ ಒಬ್ದೂಲಿಯಳನ್ನು ನೋಡುತ್ತಿದ್ದರು. ಒಬ್ದೂಲಿಯ ಒಂದು ಕಾಲು ಮುರಿದಳು, ಎಳೆದಳು, ಬಿಳಿಯ ಮಾಂಸ ಇಡಿಯಾಗಿ ಹೊರಗೆ ಬಂತು. ಬಾಯಿಗಿಟ್ಟು ಅಗಿದಳು. ನುಂಗಿದಳು. ಚಿಪ್ಪಿನಲ್ಲಿ ಸ್ವಲ್ಪ ಬಿಳಿ ವೈನ್ ಸುರಿದುಕೊಂಡು ಒಂದು ಗುಟುಕು ಕುಡಿದಳು.

"ಏನತ್ತಿಗೆ?"

"ಮಾತಾಡಿಸಬೇಡ. ಎಷ್ಟು ವರ್ಷದ್ದು ಬಾಕಿ ಇದೆ ನಂಗೆ."

ಸಬೇಲ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು, ಕೈಗೆ ಹತ್ತಿದ್ದ ರಸ ಕೆನ್ನೆಗೂ ಹತ್ತಿತು. ದೆಲ್ಮೀರ ತನ್ನ ಪಾಲಿಗೆ ಕಾಲುದುರಿದ ಏಡಿಯನ್ನೇ ಎಳೆದುಕೊಂಡಳು. ನೀರು ಹೊಕ್ಕು ರುಚಿ ಅರ್ಧ ಹೋಗಿತ್ತು. ಅವಳಿಗೆ ಅದಕ್ಕಿಂತ ಒಳ್ಳೆಯದು ಬೇಕೂ ಇರಲಿಲ್ಲ.

ತಿನ್ನುತ್ತಿದ್ದಾಗ ಎದುರು ಮನೆಯಲ್ಲಿ ಕಿಟಕಿಯ ಸದ್ದಾಯಿತು. ದೆಲ್ಮೀರ ಅಭ್ಯಾಸದಿಂದ ತಲೆ ಎತ್ತಿದಳು. ಮುಚ್ಚಿದ್ದಲ್ಲ; ಈ ಕಡೆಯ ವಾಸನೆ ಅಲ್ಲಿಗೆ ತಲುಪಿ ಅವರು ಕಿಟಕಿಯನ್ನು ಗೋಡೆಯವರೆಗೂ ತೆರೆದಿದ್ದರು.

ಊಟ ಮುಗಿದ ಮೇಲೆ ಒಬ್ದೂಲಿಯ ಚಿಪ್ಪುಗಳನ್ನೆಲ್ಲ ತನ್ನ ಮುಂದುಡುಪಿಗೆ ತುಂಬಿಕೊಂಡಳು, ಕೋಸಿನ ಪಾತಿಗೆ. ಹೊಸಿಲ ಮೇಲೆ ನಿಂತು ತಿರುಗಿದಳು.

"ಮುಂದಿನ ಶನಿವಾರ ನೀನು ಚೇಲೊ ಹತ್ರ ಹೋಗಿ ಆರಿಸ್ಕೊಂಡು ಬಾ. ಒಲೆ ಮಾತ್ರ ಹಚ್ಚಬೇಡ. ನಾನು ಬರೋವರೆಗೆ ಮುಟ್ಟಬೇಡ."